ಶಾಲೆಯ ಮೈದಾನವೂ ಊರಿನ ಮೈದಾನವೂ: ಪಂಚಾಯತಿ ಮತ್ತು ಶಾಲೆ ಕೂಡಿ ನಡೆಸತಕ್ಕ ವ್ಯವಸ್ಥೆ

ನಮ್ಮ ನಾಡಿನ ಯಾವ ಗ್ರಾಮಕ್ಕೆ ಹೋದರೂ, ಜನವಸತಿಗೆ ಹೊಂದಿಕೊಂಡಂತೆ ಸಮತಟ್ಟಾಗಿ, ಮನೆಮಾರುಗಳಿಂದಲೂ ಉಳುಮೆಯಿಂದಲೂ ತಪ್ಪಿಸಿಕೊಂಡು ಉಳಿದ ಒಂದು ತುಂಡು ನೆಲವಿದ್ದರೆ, ಅದು ಬಹುಮಟ್ಟಿಗೆ ಸರ್ಕಾರಿ ಶಾಲೆಯ ಮೈದಾನವೇ ಆಗಿರುತ್ತದೆ. ಗೋಮಾಳಗಳು ಕುಗ್ಗಿ, ಕಣಗಳು ನಿವೇಶನಗಳಾಗಿ, ಊರ ಮುಂದಿನ ಬಯಲುಗಳ ಮೇಲೆ ಒಂದೊಂದಾಗಿ ಕಟ್ಟಡಗಳೆದ್ದಿರುವ ಈ ಕಾಲದಲ್ಲಿ, ಗ್ರಾಮದ ತರುಣರಿಗೆ ಕಬಡ್ಡಿಯಾಡಲಾಗಲಿ, ಹೆಣ್ಣುಮಕ್ಕಳಿಗೆ ಥ್ರೋಬಾಲ್ ಅಭ್ಯಾಸಕ್ಕಾಗಲಿ, ವಯಸ್ಸಾದವರಿಗೆ ನಿರಪಾಯವಾಗಿ ನಾಲ್ಕು ಹೆಜ್ಜೆ ನಡೆಯಲಾಗಲಿ ಅದಕ್ಕಿಂತ ಯೋಗ್ಯವಾದ ಸ್ಥಳವು ಊರಿನಲ್ಲಿ ಬೇರೊಂದಿಲ್ಲ. ಆದರೂ ಆ ನೆಲವು ವರ್ಷದ ಹೆಚ್ಚು ಹೊತ್ತು ನಿರುಪಯುಕ್ತವಾಗಿ ಬಿದ್ದಿರುತ್ತದೆ. ಅಥವಾ ಯಾರ ಅನುಮತಿಯೂ ಯಾರ ಹೊಣೆಯೂ ಇಲ್ಲದೆ ಬಳಕೆಯಾಗಿ, ಬೆಳಗ್ಗೆ ಮಕ್ಕಳು ಬರುವ ವೇಳೆಗೆ ಗಾಜಿನ ಚೂರು, ಸೇದಿ ಬಿಸುಟ ಬೀಡಿಯ ತುಂಡು ಮತ್ತು ಶಾಮಿಯಾನದ ಕಂಬಗಳಿಗೆ ತೋಡಿದ ಗುಂಡಿಗಳಿಂದ ತುಂಬಿರುತ್ತದೆ.

ಲೆಕ್ಕವು ಸ್ಪಷ್ಟವಾಗಿದೆ. ಶಿಕ್ಷಣ ಹಕ್ಕು ಕಾಯಿದೆಯ ಪ್ರಕಾರ ಒಂದರಿಂದ ಐದನೆಯ ತರಗತಿಯವರೆಗೆ ವರ್ಷಕ್ಕೆ 200 ದಿನ, ಆರರಿಂದ ಎಂಟನೆಯ ತರಗತಿಯವರೆಗೆ 220 ದಿನ ಶಾಲೆ ನಡೆಯತಕ್ಕದ್ದು. ಹೆಚ್ಚಿನ ಸಂಖ್ಯೆಯನ್ನೇ ಹಿಡಿದರೂ ಮಿಕ್ಕ 145 ದಿನಗಳಲ್ಲಿ ಮೈದಾನಕ್ಕೆ ಪಾಠದ ಕೆಲಸವಿಲ್ಲ. ಶಾಲೆ ನಡೆಯುವ ದಿನಗಳಲ್ಲಿಯೂ ಮುಂಜಾನೆ ಮತ್ತು ಸಾಯಂಕಾಲದ ಹೊತ್ತು ಬರಿದಾಗಿಯೇ ಉಳಿಯುತ್ತದೆ. ಒಂದು ಕಡೆ ನೆಲವುಳ್ಳ, ಆದರೆ ಅದನ್ನು ಕಾಪಾಡಿಕೊಳ್ಳುವಷ್ಟು ಹಣವಾಗಲಿ ಕೈಗಳಾಗಲಿ ಇಲ್ಲದ ಶಾಲೆ. ಮತ್ತೊಂದು ಕಡೆ ಸಾರ್ವಜನಿಕ ಸೌಕರ್ಯದ ಹೊಣೆಯನ್ನೂ ಅಷ್ಟಿಷ್ಟು ಅನುದಾನವನ್ನೂ ಉಳ್ಳ, ಆದರೆ ನೆಲವಿಲ್ಲದ ಪಂಚಾಯತಿ. ಇವೆರಡೂ ಕೂಡಿದರೆ ಊರಿಗೆ ಮೈದಾನವೂ, ಮೈದಾನಕ್ಕೆ ಪಾಲಕರೂ ದೊರೆಯುತ್ತಾರೆ. ಆದರೆ ಈ ಕೂಡುವಿಕೆಯು ಕೇವಲ ಮುಖ್ಯೋಪಾಧ್ಯಾಯರ ಔದಾರ್ಯವನ್ನೋ ಅಧ್ಯಕ್ಷರ ಸ್ನೇಹವನ್ನೋ ನೆಚ್ಚಿ ನಿಂತರೆ, ವರ್ಗಾವಣೆಯೊಂದು ಬಂದೊಡನೆ ಅಥವಾ ಚುನಾವಣೆಯೊಂದು ಮುಗಿದೊಡನೆ ಮುರಿದುಬೀಳುತ್ತದೆ. ಆದಕಾರಣ ಮಕ್ಕಳ ಹಕ್ಕನ್ನು ಮೊದಲಿಟ್ಟು, ಪ್ರತಿಯೊಬ್ಬರ ಹೊತ್ತನ್ನೂ ಹೊಣೆಯನ್ನೂ ಲಿಖಿತವಾಗಿ ಗೊತ್ತುಮಾಡಿದ ವ್ಯವಸ್ಥೆಯೇ ಇದಕ್ಕೆ ಆಧಾರವಾಗಬೇಕೆಂಬುದು ಈ ಲೇಖನದ ಅಭಿಪ್ರಾಯ. ಅಂತಹ ವ್ಯವಸ್ಥೆಯನ್ನು ಏರ್ಪಡಿಸುವ ಕ್ರಮವನ್ನು ಪಂಚಾಯತಿಯ ಸದಸ್ಯರಿಗೂ, ಶಾಲಾಭಿವೃದ್ಧಿ ಸಮಿತಿಯವರಿಗೂ, ಯುವಕ ಸಂಘಗಳವರಿಗೂ ಉಪಯೋಗವಾಗುವಂತೆ ಮುಂದೆ ನಿರೂಪಿಸಿದೆ.

ಕಾನೂನಿನ ನೆಲೆ

ಸಂವಿಧಾನದ 73ನೆಯ ತಿದ್ದುಪಡಿಯು 1993ರ ಏಪ್ರಿಲ್‌ನಲ್ಲಿ ಜಾರಿಗೆ ಬಂದಾಗ ಅದರೊಡನೆ ಸೇರಿದ ಹನ್ನೊಂದನೆಯ ಅನುಸೂಚಿಯು ಪಂಚಾಯತಿಗಳಿಗೆ ವಹಿಸಬಹುದಾದ 29 ವಿಷಯಗಳನ್ನು ಹೆಸರಿಸಿತು. ಪ್ರಾಥಮಿಕ ಮತ್ತು ಪ್ರೌಢ ಶಿಕ್ಷಣ, ಗ್ರಂಥಾಲಯ, ಸಾಂಸ್ಕೃತಿಕ ಚಟುವಟಿಕೆ, ಸಮುದಾಯದ ಆಸ್ತಿಗಳ ನಿರ್ವಹಣೆ ಇವೆಲ್ಲವೂ ಆ ಪಟ್ಟಿಯಲ್ಲಿವೆ. ಅದೇ ವರ್ಷದ ಕರ್ನಾಟಕ ಪಂಚಾಯತ್ ರಾಜ್ ಅಧಿನಿಯಮವು ಆರು ತಿಂಗಳಿಗೆ ಒಮ್ಮೆಯಾದರೂ ಗ್ರಾಮಸಭೆ ಸೇರತಕ್ಕದ್ದೆಂದು ವಿಧಿಸಿರುವುದರಿಂದ, ಮೈದಾನದಂತಹ ವಿಷಯವನ್ನು ಊರೆಲ್ಲರ ಮುಂದಿಟ್ಟು ನಿರ್ಣಯಿಸಲು ಸಿದ್ಧವಾದ ವೇದಿಕೆಯು ಇದ್ದೇ ಇದೆ.

ಶಾಲೆಯ ಪಕ್ಷದಲ್ಲಿ ನಿಲ್ಲತಕ್ಕದ್ದು ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ. ವಿಜ್ಞಾನಿ ರಾಜಾ ರಾಮಣ್ಣನವರ ಅಧ್ಯಕ್ಷತೆಯ ಶಿಕ್ಷಣ ಕಾರ್ಯಪಡೆಯ ಶಿಫಾರಸಿನ ಮೇರೆಗೆ 2001ರಲ್ಲಿ ಕರ್ನಾಟಕದ ಶಾಲೆಗಳಲ್ಲಿ ಈ ಸಮಿತಿಗಳು ರಚಿತವಾದವು. 2006ರ ಮಾದರಿ ಉಪವಿಧಿಗಳು ಇವನ್ನು ಗ್ರಾಮ ಪಂಚಾಯತಿಯ ವ್ಯವಸ್ಥೆಯೊಡನೆ ಜೋಡಿಸಿದವು. ಶಿಕ್ಷಣ ಹಕ್ಕು ಕಾಯಿದೆಯು ಇಂತಹ ಸಮಿತಿಗಳ ನಾಲ್ಕನೆಯ ಮೂರು ಪಾಲು ಸದಸ್ಯರು ಪೋಷಕರಾಗಿರಬೇಕೆಂದೂ, ಒಟ್ಟು ಸದಸ್ಯರಲ್ಲಿ ಅರ್ಧದಷ್ಟು ಮಹಿಳೆಯರಿರಬೇಕೆಂದೂ ಹೇಳುತ್ತದೆ. ಅದೇ ಕಾಯಿದೆಯ ಅನುಸೂಚಿಯು ಆಟದ ಮೈದಾನವನ್ನು ಶಾಲೆಗೆ ಇರಲೇಬೇಕಾದ ಸೌಕರ್ಯಗಳ ಸಾಲಿಗೆ ಸೇರಿಸಿದೆ. ಅಂದಮೇಲೆ ಮೈದಾನದ ಮೇಲೆ ಮೊದಲ ಅಧಿಕಾರವು ಮಕ್ಕಳದೆಂಬುದರಲ್ಲಿ ವಿವಾದಕ್ಕೆ ಆಸ್ಪದವಿಲ್ಲ. ಊರಿನವರದು ಮಕ್ಕಳ ಬಳಕೆಯ ತರುವಾಯ ಬರತಕ್ಕದ್ದು.

ಇಲ್ಲಿ ಎಚ್ಚರಿಕೆಯೊಂದು ಅವಶ್ಯಕ. ಶಾಲೆಯ ಆವರಣವನ್ನೂ ಮೈದಾನವನ್ನೂ ಶೈಕ್ಷಣಿಕವಲ್ಲದ ಉದ್ದೇಶಗಳಿಗೆ ಕೊಡಕೂಡದೆಂದು ಶಿಕ್ಷಣ ಇಲಾಖೆಯು 2013ರಲ್ಲಿ ಸುತ್ತೋಲೆ ಹೊರಡಿಸಿದೆ. ಆದುದರಿಂದ ಮುಖ್ಯೋಪಾಧ್ಯಾಯರು ತಮ್ಮಷ್ಟಕ್ಕೆ ತಾವೇ ಬಾಯಿಮಾತಿನ ಅನುಮತಿ ಕೊಡುವುದು ಅವರಿಗೂ ಕ್ಷೇಮವಲ್ಲ, ಪಂಚಾಯತಿಗೂ ಕ್ಷೇಮವಲ್ಲ. ಉದ್ದೇಶವನ್ನು ಕ್ರೀಡೆ, ವ್ಯಾಯಾಮ ಮತ್ತು ಮಕ್ಕಳ ವಿಕಾಸಕ್ಕೆ ಸಂಬಂಧಪಟ್ಟ ಚಟುವಟಿಕೆಗಳಿಗೆ ಮಾತ್ರ ಸೀಮಿತಗೊಳಿಸಿ, ಕ್ಷೇತ್ರ ಶಿಕ್ಷಣಾಧಿಕಾರಿಗಳ ಮೂಲಕ ಇಲಾಖೆಯ ಲಿಖಿತ ಅನುಮತಿಯನ್ನು ಪಡೆದು, ಚಾಲ್ತಿಯಲ್ಲಿರುವ ಆದೇಶಗಳನ್ನು ಆ ಕಚೇರಿಯಲ್ಲಿಯೇ ವಿಚಾರಿಸಿಕೊಂಡು ಮುಂದುವರಿಯುವುದು ಸರಿಯಾದ ಮಾರ್ಗ.

ಅನ್ಯದೇಶಗಳ ಅನುಭವ

ಶಾಲೆಯನ್ನು ಊರಿನ ಜೀವನಕ್ಕೆ ಕೇಂದ್ರವನ್ನಾಗಿ ಮಾಡಬೇಕೆಂಬ ವಿಚಾರವು ಹೊಸದಲ್ಲ. ಇಂಗ್ಲೆಂಡಿನ ಕೇಂಬ್ರಿಜ್‌ಶೈರಿನಲ್ಲಿ ಶಿಕ್ಷಣ ಕಾರ್ಯದರ್ಶಿಯಾಗಿದ್ದ ಹೆನ್ರಿ ಮಾರಿಸ್ ಎಂಬವರು, ಹಳ್ಳಿಗಳು ಸೊರಗಿ ಜನರು ಪಟ್ಟಣದ ಕಡೆಗೆ ಸಾಗುತ್ತಿದ್ದುದನ್ನು ಕಂಡು, 1924ರಲ್ಲಿ ಒಂದು ಯೋಜನೆಯನ್ನು ರಚಿಸಿದರು. ಹಗಲು ಮಕ್ಕಳ ಶಾಲೆಯಾಗಿರುವ ಕಟ್ಟಡವೇ ಸಂಜೆ ಸುತ್ತಲ ಹಳ್ಳಿಗಳ ವಯಸ್ಕರಿಗೆ ವಿದ್ಯಾಮಂದಿರವೂ, ಗ್ರಂಥಾಲಯವೂ, ಸಭಾಭವನವೂ, ಕ್ರೀಡಾಸ್ಥಾನವೂ ಆಗಬೇಕೆಂಬುದು ಅದರ ಸಾರ. ಈ ಯೋಜನೆಯ ಮೊದಲ ಗ್ರಾಮ ವಿದ್ಯಾಲಯವು 1930ರಲ್ಲಿ ಸಾಸ್ಟನ್ ಎಂಬ ಹಳ್ಳಿಯಲ್ಲಿ ತೆರೆಯಿತು. 1939ರಲ್ಲಿ ಇಂಪಿಂಗ್ಟನ್‌ನಲ್ಲಿ ತೆರೆದ ವಿದ್ಯಾಲಯದ ವಿನ್ಯಾಸವನ್ನು ಜಗತ್ಪ್ರಸಿದ್ಧ ವಾಸ್ತುಶಿಲ್ಪಿ ವಾಲ್ಟರ್ ಗ್ರೋಪಿಯಸ್ ಅವರು ಮ್ಯಾಕ್ಸ್‌ವೆಲ್ ಫ್ರೈ ಅವರೊಡನೆ ರಚಿಸಿದರು. ಊರಿನವರಿಗೆ ಎಡೆಯನ್ನು ಕಟ್ಟಡ ಮುಗಿದ ಮೇಲೆ ಹುಡುಕದೆ, ನಕ್ಷೆ ಬರೆಯುವಾಗಲೇ ಗೊತ್ತುಮಾಡಿದ್ದು ಈ ಪ್ರಯೋಗದ ವಿಶೇಷ.

ನೆಲದ ಅಭಾವವು ಅತಿಯಾಗಿರುವ ಸಿಂಗಾಪುರದಲ್ಲಿ ಶಿಕ್ಷಣ ಸಚಿವಾಲಯವೂ ಕ್ರೀಡಾ ಸಂಸ್ಥೆಯೂ ಕೂಡಿ ನಡೆಸುವ ಉಭಯೋಪಯೋಗ ಯೋಜನೆಯಡಿ, ಶಾಲೆಗೆ ಬೇಡದ ವೇಳೆಯಲ್ಲಿ ಶಾಲೆಗಳ ಮೈದಾನಗಳೂ ಒಳಾಂಗಣ ಕ್ರೀಡಾಭವನಗಳೂ ಸಾರ್ವಜನಿಕರಿಗೆ ತೆರೆದಿರುತ್ತವೆ. ಇಂಗ್ಲೆಂಡಿನಲ್ಲಿ ಇಂದು ಇಂತಹ ಏರ್ಪಾಡುಗಳನ್ನು ಸಮುದಾಯ ಬಳಕೆಯ ಒಪ್ಪಂದಪತ್ರಗಳ ಮೂಲಕ ನಡೆಸುವ ಪದ್ಧತಿಯಿದೆ. ಅವರ ಸಿರಿವಂತಿಕೆಯನ್ನು ನಾವು ಅನುಕರಿಸುವುದು ಸಾಧ್ಯವಿಲ್ಲದಿರಬಹುದು. ಬಳಕೆಗೆ ಮೊದಲೇ ನಿಯಮವನ್ನು ಬರೆದಿಡುವ ಅವರ ಶಿಸ್ತಿಗೆ ಹಣ ಬೇಕಾಗಿಲ್ಲ.

ಆರಂಭದಲ್ಲಿ ಮಾಡತಕ್ಕ ಕೆಲಸಗಳು

ಮೊದಲನೆಯ ಕೆಲಸವು ನೆಲದ ದಾಖಲೆಗೆ ಸಂಬಂಧಿಸಿದುದು. ನಮ್ಮ ಅನೇಕ ಶಾಲೆಗಳು ಹಿಂದಿನ ತಲೆಮಾರಿನ ದಾನಿಗಳು ಬಿಟ್ಟುಕೊಟ್ಟ ಜಮೀನಿನಲ್ಲಿ ನಿಂತಿವೆ. ಕೆಲವೆಡೆ ದಾನಪತ್ರವು ನೋಂದಣಿಯಾಗಿರುವುದಿಲ್ಲ, ಕೆಲವೆಡೆ ಪಹಣಿಯಲ್ಲಿ ಶಾಲೆಯ ಹೆಸರು ಬಂದಿರುವುದಿಲ್ಲ, ಮತ್ತೆ ಕೆಲವೆಡೆ ಪಕ್ಕದ ಹೊಲದವರ ಬೇಲಿಯು ವರ್ಷಕ್ಕೆ ಒಂದು ಗೇಣಿನಂತೆ ಒಳಕ್ಕೆ ಸರಿದಿರುತ್ತದೆ. ಮೈದಾನಕ್ಕೆ ಹಣ ಹಾಕುವ ಮುನ್ನ ಸರ್ವೆ ಮಾಡಿಸಿ, ಹದ್ದುಬಸ್ತು ಗೊತ್ತುಪಡಿಸಿಕೊಂಡು, ಶಾಲೆಯ ಹೆಸರಿಗೆ ದಾಖಲೆಯನ್ನು ಸರಿಪಡಿಸಿಕೊಳ್ಳಬೇಕು. ಪಂಚಾಯತಿಯು ಅಭಿವೃದ್ಧಿಗೆ ಖರ್ಚು ಮಾಡಿದ ಮಾತ್ರಕ್ಕೆ ನೆಲದ ಒಡೆತನವು ಅದಕ್ಕೆ ವರ್ಗವಾಗುವುದಿಲ್ಲವೆಂಬ ಮಾತು ಒಪ್ಪಂದದ ಮೊದಲ ಸಾಲಿನಲ್ಲಿಯೇ ಇರತಕ್ಕದ್ದು.

ಎರಡನೆಯದು ಅಗತ್ಯದ ವಿಚಾರಣೆ. ಊರಿನಲ್ಲಿ ಯಾರು ಏನನ್ನು ಆಡುತ್ತಾರೆ, ಯಾರು ಆಡಬೇಕೆಂದಿದ್ದರೂ ಅವಕಾಶವಿಲ್ಲದೆ ಸುಮ್ಮನಿದ್ದಾರೆ ಎಂಬುದನ್ನು ವಾರ್ಡ್ ಸಭೆಗಳಲ್ಲಿ ಕೇಳಿ ತಿಳಿಯಬೇಕು. ಕರ್ನಾಟಕದ ಪಂಚಾಯತಿಗಳಲ್ಲಿ ವರ್ಷಕ್ಕೊಮ್ಮೆ ನಡೆಯುವ ಮಕ್ಕಳ ಗ್ರಾಮಸಭೆಯು ಇದಕ್ಕೆ ಅತ್ಯಂತ ಯೋಗ್ಯವಾದ ಸಂದರ್ಭ; ಮೈದಾನದ ಕೊರತೆಯನ್ನು ಮಕ್ಕಳಿಗಿಂತ ಸ್ಪಷ್ಟವಾಗಿ ಹೇಳಬಲ್ಲವರು ಯಾರೂ ಇಲ್ಲ. ಸ್ತ್ರೀಶಕ್ತಿ ಸಂಘಗಳು, ಯುವಕ ಮಂಡಲಗಳು, ನಿವೃತ್ತ ಶಿಕ್ಷಕರು, ಆಶಾ ಕಾರ್ಯಕರ್ತೆಯರು ಇವರನ್ನೂ ಕೇಳಬೇಕು. ಗಟ್ಟಿಯಾಗಿ ಮಾತನಾಡುವವರ ಬೇಡಿಕೆಯೇ ಊರಿನ ಬೇಡಿಕೆಯೆಂದು ತಿಳಿದರೆ ಇಡೀ ಮೈದಾನವು ಕ್ರಿಕೆಟ್ ತಂಡವೊಂದರ ಸ್ವತ್ತಾಗುವುದು ನಿಶ್ಚಿತ.

ಮೂರನೆಯದು ನಿರ್ಣಯಗಳ ಅನುಕ್ರಮ. ಶಾಲಾಭಿವೃದ್ಧಿ ಸಮಿತಿಯ ಸಭೆಯಲ್ಲಿ ಒಪ್ಪಿಗೆ, ಗ್ರಾಮಸಭೆಯಲ್ಲಿ ಚರ್ಚೆ, ಗ್ರಾಮ ಪಂಚಾಯತಿಯ ಸಾಮಾನ್ಯ ಸಭೆಯಲ್ಲಿ ನಿರ್ಣಯ, ತರುವಾಯ ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಗೆ ಮನವಿ, ಅಲ್ಲಿಂದ ಅನುಮತಿ ಬಂದ ಮೇಲೆ ಒಪ್ಪಂದಕ್ಕೆ ಸಹಿ: ಈ ಕ್ರಮವನ್ನು ಹಿಡಿದರೆ ಮುಂದೆ ಆಕ್ಷೇಪಣೆ ಬಂದಾಗ ಪ್ರತಿಯೊಂದು ಹೆಜ್ಜೆಗೂ ನಡವಳಿ ಪುಸ್ತಕದ ಆಧಾರವಿರುತ್ತದೆ. ಪಂಚಾಯತಿಯ ಪರವಾಗಿ ಪಂಚಾಯತಿ ಅಭಿವೃದ್ಧಿ ಅಧಿಕಾರಿಗಳೂ, ಶಾಲೆಯ ಪರವಾಗಿ ಮುಖ್ಯೋಪಾಧ್ಯಾಯರೂ ಸಮಿತಿಯ ಅಧ್ಯಕ್ಷರೂ ಸಹಿ ಮಾಡುವುದು ಯುಕ್ತ.

ಒಪ್ಪಂದಪತ್ರದಲ್ಲಿ ಇರತಕ್ಕ ಅಂಶಗಳು

ಒಪ್ಪಂದಪತ್ರವು ದೀರ್ಘವಾಗಿರಬೇಕಾಗಿಲ್ಲ, ಎರಡು ಮೂರು ಪುಟಗಳಲ್ಲಿ, ಊರಿನ ಸಾಮಾನ್ಯ ಜನರು ಓದಿ ಅರ್ಥಮಾಡಿಕೊಳ್ಳುವ ಕನ್ನಡದಲ್ಲಿ ಇದ್ದರೆ ಸಾಕು. ಆದರೆ ಕೆಳಗಿನ ಅಂಶಗಳಲ್ಲಿ ಯಾವುದನ್ನೂ ಬಿಡಕೂಡದು.

1. ಬಳಕೆಗೆ ಕೊಡುವ ಸ್ಥಳದ ಚೆಕ್ಕುಬಂದಿ. ಮೈದಾನ, ಹೊರಗಿನ ಶೌಚಾಲಯ, ನೀರಿನ ನಲ್ಲಿ ಇವು ಸೇರಿವೆಯೆಂದೂ, ತರಗತಿಯ ಕೊಠಡಿ, ಬಿಸಿಯೂಟದ ಅಡುಗೆಮನೆ, ಕೈತೋಟ ಇವು ಸೇರಿಲ್ಲವೆಂದೂ ನಕ್ಷೆಯ ಸಹಿತ ತೋರಿಸಬೇಕು.

2. ಬಳಕೆಯ ಉದ್ದೇಶ. ಕ್ರೀಡೆ, ವ್ಯಾಯಾಮ, ಯೋಗ, ಮಕ್ಕಳ ಶಿಬಿರ ಇತ್ಯಾದಿಗಳನ್ನು ಹೆಸರಿಸಿ, ರಾಜಕೀಯ ಸಭೆ, ಮದುವೆಯ ಊಟ, ಸಂತೆ, ವಾಹನ ಕಲಿಕೆ, ಒಕ್ಕಣೆ, ಮರಳು ಜಲ್ಲಿಗಳ ಶೇಖರಣೆ ಮುಂತಾದವು ನಿಷಿದ್ಧವೆಂದು ಸ್ಪಷ್ಟವಾಗಿ ಬರೆಯಬೇಕು.

3. ಕಾಲಪಟ್ಟಿ. ಶಾಲೆಯ ವೇಳೆ, ಪರೀಕ್ಷೆಯ ವೇಳೆ ಮತ್ತು ಹೋಬಳಿ ತಾಲ್ಲೂಕು ಮಟ್ಟದ ಶಾಲಾ ಕ್ರೀಡಾಕೂಟಗಳ ಅಭ್ಯಾಸದ ವೇಳೆಯಲ್ಲಿ ಮಕ್ಕಳಿಗೆ ಪೂರ್ಣಾಧಿಕಾರ.

4. ಬೀಗದ ಕೈ ಯಾರ ವಶದಲ್ಲಿರಬೇಕು, ತೆರೆದವರೂ ಮುಚ್ಚಿದವರೂ ವಹಿಯಲ್ಲಿ ಸಹಿ ಮಾಡುವ ವಿಧಾನ.

5. ನಿತ್ಯದ ಗುಡಿಸುವಿಕೆ, ವಾರ್ಷಿಕ ದುರಸ್ತಿ, ವಿದ್ಯುತ್ತು, ನೀರು ಇವುಗಳ ಖರ್ಚು ಯಾರದು.

6. ಹಾನಿಯಾದರೆ ಯಾರು, ಎಷ್ಟು ದಿನದೊಳಗೆ ಸರಿಪಡಿಸಬೇಕು.

7. ಮಕ್ಕಳ ಸುರಕ್ಷತೆಯ ನಿಯಮಗಳು.

8. ವಿವಾದ ಬಂದರೆ ತೀರ್ಮಾನಿಸುವವರು ಯಾರು. ಒಪ್ಪಂದವನ್ನು ಮುಗಿಸಬೇಕಾದರೆ ಎಷ್ಟು ದಿನದ ಮುನ್ಸೂಚನೆ ಕೊಡಬೇಕು.

ಮೊದಲ ಒಪ್ಪಂದವನ್ನು ಒಂದು ವರ್ಷಕ್ಕೆ ಮಾತ್ರ ಮಾಡಿಕೊಂಡು, ಅನುಭವದಿಂದ ಕಂಡ ಲೋಪಗಳನ್ನು ತಿದ್ದಿ, ತರುವಾಯ ಮೂರು ವರ್ಷಗಳಿಗೆ ವಿಸ್ತರಿಸುವುದು ವಿವೇಕ. ಒಪ್ಪಂದದ ಸಾರಾಂಶವನ್ನೂ ಕಾಲಪಟ್ಟಿಯನ್ನೂ ಮೈದಾನದ ದ್ವಾರದಲ್ಲಿ ಫಲಕದ ಮೇಲೆ ಬರೆಸಿದರೆ, ಪ್ರತಿದಿನವೂ ಒಬ್ಬರಲ್ಲ ಒಬ್ಬರೊಡನೆ ವಾದಿಸಬೇಕಾದ ಕಷ್ಟವು ಶಿಕ್ಷಕರಿಗೆ ತಪ್ಪುತ್ತದೆ.

ಹೊತ್ತಿನ ಹಂಚಿಕೆ

ನೆಲವನ್ನು ಹಂಚುವುದಕ್ಕಿಂತ ಹೊತ್ತನ್ನು ಹಂಚುವುದು ಕಠಿಣ. ಸಾಮಾನ್ಯವಾಗಿ ಅನುಕೂಲವಾಗಬಹುದಾದ ಒಂದು ಕ್ರಮವನ್ನು ಇಲ್ಲಿ ಸೂಚಿಸಬಹುದು: ಬೆಳಗ್ಗೆ ಐದೂವರೆಯಿಂದ ಏಳೂವರೆಯವರೆಗೆ ನಡಿಗೆ, ಯೋಗ ಮತ್ತು ಪೊಲೀಸ್, ಸೈನ್ಯ ಮುಂತಾದ ನೇಮಕಾತಿಯ ದೇಹದಾರ್ಢ್ಯ ಪರೀಕ್ಷೆಗೆ ಸಿದ್ಧರಾಗುವ ತರುಣ ತರುಣಿಯರ ಓಟ, ಆಮೇಲೆ ಒಂದು ಗಂಟೆಯ ಬಿಡುವು, ಆ ವೇಳೆಯಲ್ಲಿ ಸ್ವಚ್ಛತೆಯ ಪರಿಶೀಲನೆ, ಶಾಲೆಯ ಗಂಟೆ ಬಾರಿಸಿದಾಗಿನಿಂದ ಬಿಡುವವರೆಗೆ ಹೊರಗಿನವರಿಗೆ ಪ್ರವೇಶವಿಲ್ಲ, ಶಾಲೆ ಬಿಟ್ಟ ಮೇಲಿನ ಮೊದಲ ಒಂದು ಗಂಟೆ ಶಾಲಾ ಮಕ್ಕಳ ಅಭ್ಯಾಸಕ್ಕೆ, ಅದರ ತರುವಾಯ ಕತ್ತಲಾಗುವವರೆಗೆ ಊರಿನವರ ಆಟಕ್ಕೆ. ಏಪ್ರಿಲ್ ಮೇ ತಿಂಗಳ ಬೇಸಿಗೆ ರಜೆಯಲ್ಲಿಯೂ ದಸರಾ ರಜೆಯಲ್ಲಿಯೂ ಮಕ್ಕಳ ಶಿಬಿರಗಳಿಗೆ ಮೊದಲ ಪ್ರಾಶಸ್ತ್ಯವಿರಲಿ. ಮಾರ್ಚ್ ಏಪ್ರಿಲ್‌ನ ಪರೀಕ್ಷೆಗಳ ಕಾಲದಲ್ಲಿ, ಶಾಲೆಯು ಪರೀಕ್ಷಾ ಕೇಂದ್ರವಾಗಿದ್ದರೆ, ಬಳಕೆಯನ್ನು ಪೂರ್ಣವಾಗಿ ನಿಲ್ಲಿಸಬೇಕು.

ಕ್ರಿಕೆಟ್ಟಿನ ವಿಷಯವನ್ನು ಪ್ರತ್ಯೇಕವಾಗಿ ಹೇಳುವುದು ಅವಶ್ಯ. ತಂಡಕ್ಕೆ ಹನ್ನೊಂದು ಜನರ ಒಂದು ಪಂದ್ಯವು ಇಡೀ ಮೈದಾನವನ್ನು ಆಕ್ರಮಿಸಿ, ಚೆಂಡಿನ ಭಯದಿಂದ ಚಿಕ್ಕಮಕ್ಕಳನ್ನೂ ನಡೆಯುವವರನ್ನೂ ಹೊರದೂಡುತ್ತದೆ. ಆದುದರಿಂದ ವಾರದಲ್ಲಿ ಒಂದೆರಡು ಸಾಯಂಕಾಲ ಹಾಗೂ ಭಾನುವಾರದ ಒಂದು ಭಾಗವನ್ನು ಅದಕ್ಕೆ ಮೀಸಲಿಟ್ಟು, ಟೆನಿಸ್ ಚೆಂಡನ್ನೇ ಬಳಸತಕ್ಕದ್ದೆಂದು ನಿಯಮಿಸಿ, ಮಿಕ್ಕ ದಿನಗಳನ್ನು ಕಬಡ್ಡಿ, ಖೋ ಖೋ, ವಾಲಿಬಾಲ್, ಥ್ರೋಬಾಲ್‌ಗಳಿಗೆ ಬಿಡಬೇಕು.

ಹೊನಲು ಬೆಳಕಿನ ಪಂದ್ಯಾವಳಿಗಳು ಊರಿನ ಉತ್ಸಾಹವನ್ನು ಹೆಚ್ಚಿಸುವುದು ನಿಜವಾದರೂ ಅವುಗಳಿಗೆ ಪ್ರತ್ಯೇಕ ಅನುಮತಿ ಇರಬೇಕು. ಶಬ್ದಮಾಲಿನ್ಯ ನಿಯಂತ್ರಣದ 2000ದ ನಿಯಮಗಳಂತೆ ರಾತ್ರಿ ಹತ್ತರಿಂದ ಬೆಳಗ್ಗೆ ಆರರವರೆಗೆ ಧ್ವನಿವರ್ಧಕವು ನಿಷಿದ್ಧ. ಶಿಕ್ಷಣ ಸಂಸ್ಥೆಗಳ ಸುತ್ತಲಿನ 100 ಮೀಟರನ್ನು ನಿಶ್ಶಬ್ದ ವಲಯವೆಂದು ಘೋಷಿಸಲು ಆ ನಿಯಮಗಳಲ್ಲಿ ಅವಕಾಶವಿದೆ. ಸಂಘಟಕರಿಂದ ಠೇವಣಿಯನ್ನು ಪಡೆದು, ಗುಂಡಿಗಳನ್ನು ಮುಚ್ಚಿ ಕಸವನ್ನು ತೆಗೆದು ಮೈದಾನವನ್ನು ಮೊದಲಿನಂತೆ ಒಪ್ಪಿಸಿದ ಮೇಲೆ ಮಾತ್ರ ಹಿಂತಿರುಗಿಸುವ ಪದ್ಧತಿಯನ್ನು ಇಟ್ಟುಕೊಳ್ಳಬೇಕು.

ನೆಲ, ಅಳತೆ, ಸಲಕರಣೆ

ನಮ್ಮ ಊರಿನ ಶಾಲೆಯ ಮೈದಾನ ಬಹಳ ಚಿಕ್ಕದು, ಅದರಲ್ಲಿ ಏನನ್ನು ಮಾಡಲಾದೀತು ಎಂದು ನಿರುತ್ಸಾಹಪಡುವವರು ಅಳತೆಗಳನ್ನು ಗಮನಿಸಬೇಕು. ವಾಲಿಬಾಲ್ ಅಂಕಣವು 18 ಮೀಟರ್ ಉದ್ದ, 9 ಮೀಟರ್ ಅಗಲ. ಸುತ್ತಲೂ 3 ಮೀಟರ್ ಬಿಟ್ಟರೆ 24ಕ್ಕೆ 15 ಮೀಟರ್ ಸ್ಥಳ ಬೇಕು. ಖೋ ಖೋ ಅಂಕಣವು 27ಕ್ಕೆ 16 ಮೀಟರ್. ಪುರುಷರ ಕಬಡ್ಡಿ ಅಂಕಣವು 13ಕ್ಕೆ 10 ಮೀಟರ್, ಮಹಿಳೆಯರದು 12ಕ್ಕೆ 8 ಮೀಟರ್. ಥ್ರೋಬಾಲ್ ಅಂಕಣವು 18.30ಕ್ಕೆ 12.20 ಮೀಟರ್, ಬ್ಯಾಡ್ಮಿಂಟನ್ 13.40ಕ್ಕೆ 6.10 ಮೀಟರ್. ವಾಲಿಬಾಲ್, ಖೋ ಖೋ, ಕಬಡ್ಡಿ ಈ ಮೂರನ್ನೂ ಸುತ್ತಲ ಅಂಚಿನ ಸಹಿತ ಲೆಕ್ಕ ಹಾಕಿದರೆ ಸುಮಾರು 12 ಗುಂಟೆಯೊಳಗೆ ಮುಗಿಯುತ್ತದೆ. ಅಂದರೆ ಚೌಕಾಕಾರವಾದ ಅರ್ಧ ಎಕರೆ ನೆಲದಲ್ಲಿ ಮೂರು ಅಂಕಣಗಳನ್ನೂ ಅವುಗಳ ಸುತ್ತ ಒಂದು ನಡಿಗೆಯ ದಾರಿಯನ್ನೂ ಮಾಡಬಹುದು. ಆ ದಾರಿಯ ಆರು ಸುತ್ತು ಹೆಚ್ಚು ಕಡಿಮೆ ಒಂದು ಕಿಲೋಮೀಟರ್ ಆಗುತ್ತದೆ. ವಾಲಿಬಾಲ್ ಮತ್ತು ಖೋ ಖೋ ಕಂಬಗಳನ್ನು ನೆಲದಲ್ಲಿ ಕಾಯಂ ಆಗಿ ಹೂಳದೆ, ಹೂತ ಕೊಳವೆಯೊಳಗೆ ನಿಲ್ಲಿಸಿ ತೆಗೆಯುವಂತೆ ಮಾಡಿದರೆ, ಬೆಳಗಿನ ಪ್ರಾರ್ಥನೆಗೂ ರಾಷ್ಟ್ರೀಯ ಹಬ್ಬಗಳ ಕವಾಯತಿಗೂ ಅದೇ ನೆಲ ಒದಗುತ್ತದೆ.

ಮಣ್ಣಿನ ಗುಣವನ್ನು ಅರಿಯದೆ ಮಾಡಿದ ಖರ್ಚು ಒಂದೇ ಮಳೆಗಾಲಕ್ಕೆ ವ್ಯರ್ಥವಾಗುತ್ತದೆ. ಉತ್ತರದ ಜಿಲ್ಲೆಗಳ ಎರೆಮಣ್ಣು ಮಳೆಗೆ ಅಂಟಾಗಿ, ಬೇಸಿಗೆಗೆ ಬಿರಿಯುವುದರಿಂದ ಅದರ ಮೇಲೆ ಗರಸಿನ ಪದರವನ್ನು ಹರಡಿ, ನೀರು ಹಾಕಿ ರೋಲರ್ ಹೊಡೆಸಬೇಕಾಗುತ್ತದೆ. ಬಯಲುಸೀಮೆಯ ಕೆಂಪುಮಣ್ಣು ಆಟಕ್ಕೆ ಒಳ್ಳೆಯದು, ಆದರೆ ಇಳಿಜಾರಿನಲ್ಲಿ ಕೊಚ್ಚಿಹೋಗುತ್ತದೆ. ಕರಾವಳಿ ಮಲೆನಾಡುಗಳಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೈದಾನವು ಬಹುತೇಕ ನಿರುಪಯೋಗಿಯಾಗಿ, ಜಂಬಿಟ್ಟಿಗೆಯ ನೆಲದ ಮೇಲೆ ಪಾಚಿ ಹಿಡಿಯುತ್ತದೆ. ಅಲ್ಲಿ ಮಾಡು ಹೊದಿಸಿದ ಒಂದು ಜಗಲಿಯನ್ನು ಕೇರಂ, ಚದುರಂಗ, ಟೇಬಲ್ ಟೆನಿಸ್, ಯೋಗಗಳಿಗೆ ಸಿದ್ಧಪಡಿಸಿಕೊಳ್ಳುವುದು ಜಾಣತನ. ಎಲ್ಲಿಯಾದರೂ ಸರಿ, ನೂರು ಮೀಟರಿಗೆ ಒಂದು ಮೀಟರಿನಷ್ಟು ಮಂದವಾದ ಇಳಿಜಾರನ್ನು ಕೊಟ್ಟು, ತಗ್ಗಿನ ಅಂಚಿನಲ್ಲಿ ಚರಂಡಿ ತೆಗೆದರೆ ನೀರು ನಿಲ್ಲುವುದಿಲ್ಲ. ಪಶ್ಚಿಮದ ಅಂಚಿನಲ್ಲಿ ಹೊಂಗೆ ಬೇವುಗಳನ್ನು ನೆಟ್ಟರೆ ಕೆಲವು ವರ್ಷಗಳಲ್ಲಿ ಸಂಜೆಯ ಆಟಕ್ಕೆ ನೆರಳು ದೊರೆಯುತ್ತದೆ.

ಇನ್ನು ಎರಡು ಸಣ್ಣ ಏರ್ಪಾಡುಗಳಿಂದ ದೊಡ್ಡ ಜಗಳಗಳು ತಪ್ಪುತ್ತವೆ. ಊರಿನವರಿಗೆ ತರಗತಿಗಳ ಮುಂದಿನಿಂದ ಹಾಯದ ಪ್ರತ್ಯೇಕ ಬಾಗಿಲೊಂದನ್ನು ಇರಿಸುವುದು ಮೊದಲನೆಯದು. ದೀಪಗಳಿಗೂ ನೀರಿನ ಪಂಪಿಗೂ ಪಂಚಾಯತಿಯ ಹೆಸರಿನಲ್ಲಿ ಪ್ರತ್ಯೇಕ ವಿದ್ಯುತ್ ಮೀಟರನ್ನು ಹಾಕಿಸಿ, ಊರಿನ ಬಳಕೆಯ ಬಿಲ್ಲು ಶಾಲೆಯ ಅನುದಾನದ ಮೇಲೆ ಬೀಳದಂತೆ ಮಾಡುವುದು ಎರಡನೆಯದು.

ಹಣ ಮತ್ತು ಮೇಲ್ವಿಚಾರಣೆ

ನಿರ್ಮಾಣಕ್ಕೆ ಹಣವು ದೊರೆಯುವುದುಂಟು. ನಿರ್ವಹಣೆಗೆ ದೊರೆಯುವುದು ಕಷ್ಟ. ಉದ್ಯೋಗ ಖಾತರಿ ಯೋಜನೆಯ ಕಾಮಗಾರಿಗಳಲ್ಲಿ ಆಟದ ಮೈದಾನಕ್ಕೆ ಅವಕಾಶವಿದ್ದುದರಿಂದ ಕರ್ನಾಟಕದ ಅನೇಕ ಶಾಲೆಗಳಲ್ಲಿ ಮೈದಾನ, ಆವರಣ ಗೋಡೆ, ಶೌಚಾಲಯಗಳು ನರೇಗಾ ಮೂಲಕ ನಿರ್ಮಾಣವಾದವು. ಆದರೆ ನೆಲವನ್ನು ಒಮ್ಮೆ ಸಮತಟ್ಟು ಮಾಡಿ ಬಿಟ್ಟರೆ ಎರಡು ವರ್ಷಕ್ಕೆ ಪಾರ್ಥೇನಿಯಂ ಕಳೆಯೂ ಜಾಲಿಯೂ ಮೇಲೇಳುತ್ತವೆ. ಆದಕಾರಣ ಪಂಚಾಯತಿಯ ವಾರ್ಷಿಕ ಆಯವ್ಯಯದಲ್ಲಿ ಮೈದಾನದ ನಿರ್ವಹಣೆಗೆಂದೇ ಒಂದು ಮೊತ್ತವನ್ನು, ಅದು ಅಲ್ಪವಾದರೂ ಸರಿ, ಪ್ರತ್ಯೇಕವಾಗಿ ನಮೂದಿಸತಕ್ಕದ್ದು. ಶಾಲಾ ಮಕ್ಕಳಿಂದಲೂ ನಿತ್ಯ ಆಡುವ ಊರಿನವರಿಂದಲೂ ಶುಲ್ಕವನ್ನು ಪಡೆಯಕೂಡದು; ಪಂದ್ಯಾವಳಿಗಳಿಂದ ಬರುವ ಬಾಡಿಗೆಯನ್ನೂ ಹಳೆಯ ವಿದ್ಯಾರ್ಥಿಗಳ ದೇಣಿಗೆಯನ್ನೂ ರಶೀದಿ ಕೊಟ್ಟು ಪಡೆದು, ಲೆಕ್ಕವನ್ನು ಗ್ರಾಮಸಭೆಯಲ್ಲಿ ಓದಬೇಕು.

ಮೇಲ್ವಿಚಾರಣೆಗೆ ಏಳೆಂಟು ಜನರ ಒಂದು ಜಂಟಿ ಸಮಿತಿ ಸಾಕು: ಮುಖ್ಯೋಪಾಧ್ಯಾಯರು, ದೈಹಿಕ ಶಿಕ್ಷಣ ಶಿಕ್ಷಕರು, ಶಾಲಾಭಿವೃದ್ಧಿ ಸಮಿತಿಯ ಒಬ್ಬ ತಾಯಿ ಮತ್ತು ಒಬ್ಬ ತಂದೆ, ಪಂಚಾಯತಿಯ ಒಬ್ಬ ಸದಸ್ಯೆ, ಅಭಿವೃದ್ಧಿ ಅಧಿಕಾರಿ, ಯುವಕ ಸಂಘದ ಒಬ್ಬ ಪ್ರತಿನಿಧಿ, ಹಿರಿಯ ತರಗತಿಯ ಒಬ್ಬ ವಿದ್ಯಾರ್ಥಿನಿ. ತಿಂಗಳಿಗೊಮ್ಮೆ ಸೇರಿ, ಮೈದಾನವನ್ನು ಸುತ್ತಿ ನೋಡಿ, ದೂರುಗಳ ವಹಿಯನ್ನು ಓದಿ, ಕಾಲಪಟ್ಟಿಯನ್ನು ತಿದ್ದುವುದು ಇದರ ಕೆಲಸ. ದೈಹಿಕ ಶಿಕ್ಷಣ ಶಿಕ್ಷಕರನ್ನು ಊರಿನ ಆಟಕ್ಕೆಲ್ಲ ಪುಕ್ಕಟೆ ಕಾವಲುಗಾರರನ್ನಾಗಿ ಮಾಡುವುದು ಮಾತ್ರ ಅನ್ಯಾಯ. ಸಂಜೆಯ ಹೊಣೆಯನ್ನು ಹೊರುವವರು ಪಂಚಾಯತಿಯ ಕಡೆಯಿಂದ ನೇಮಿತರಾದವರೇ ಆಗಿರಬೇಕು.

ಮಕ್ಕಳ ಸುರಕ್ಷತೆ, ಎಲ್ಲರ ಪಾಲು

ಮಕ್ಕಳಿಗೂ ಹೊರಗಿನ ವಯಸ್ಕರಿಗೂ ಒಂದೇ ವೇಳೆಯಲ್ಲಿ ಮೇಲ್ವಿಚಾರಣೆಯಿಲ್ಲದ ಬಳಕೆಗೆ ಎಡೆಕೊಡಕೂಡದು. ತರಬೇತಿ ಕೊಡಲು ಮುಂದೆ ಬರುವವರ ಪೂರ್ವಾಪರವನ್ನು ವಿಚಾರಿಸಿ, ಸಮಿತಿಯ ಲಿಖಿತ ಒಪ್ಪಿಗೆಯ ಮೇಲೆಯೇ ಅವರನ್ನು ನೇಮಿಸಬೇಕು. ಮಕ್ಕಳ ಸಹಾಯವಾಣಿಯಾದ 1098 ಸಂಖ್ಯೆಯು ಫಲಕದ ಮೇಲೆ ದೊಡ್ಡ ಅಕ್ಷರದಲ್ಲಿರಲಿ. ಶಿಕ್ಷಣ ಸಂಸ್ಥೆಗಳಿಂದ 100 ಗಜದೊಳಗೆ ತಂಬಾಕು ಮಾರಬಾರದೆಂಬ 2003ರ ಕಾಯಿದೆಯ ನಿಯಮವನ್ನು ಮೈದಾನದ ಬಾಗಿಲಿನ ಅಂಗಡಿಗಳಿಗೆ ತಿಳಿಸುವುದು ಪಂಚಾಯತಿಯ ಕರ್ತವ್ಯ. ಪ್ರಥಮ ಚಿಕಿತ್ಸೆಯ ಪೆಟ್ಟಿಗೆಯೂ, ಆಂಬುಲೆನ್ಸಿಗಾಗಿ 108ಕ್ಕೆ ಕರೆಮಾಡತಕ್ಕವರ ಹೆಸರೂ ಗೊತ್ತಾಗಿರಬೇಕು.

ಎಲ್ಲರಿಗೂ ತೆರೆದಿದೆ ಎಂದು ಸಾರಿದ ಮಾತ್ರಕ್ಕೆ ಎಲ್ಲರೂ ಬಂದುಬಿಡುವುದಿಲ್ಲ. ತೆರೆದ ಮೈದಾನವು ತಂತಾನೆ ಬಲಿಷ್ಠರ ವಶವಾಗುವುದು ಎಲ್ಲ ಊರುಗಳ ಅನುಭವ. ಹೆಣ್ಣುಮಕ್ಕಳ ವಿಷಯವನ್ನೇ ನೋಡಿರಿ: 2025ರ ಜನವರಿಯಲ್ಲಿ ದೆಹಲಿಯಲ್ಲಿ ನಡೆದ ಮೊದಲ ಖೋ ಖೋ ವಿಶ್ವಕಪ್ಪನ್ನು ಗೆದ್ದ ಭಾರತದ ಮಹಿಳಾ ತಂಡದಲ್ಲಿ ತಿ. ನರಸೀಪುರ ತಾಲ್ಲೂಕಿನ ಕುರುಬೂರಿನ ಬಿ. ಚೈತ್ರಾ ಇದ್ದರು. ಹಳ್ಳಿಯ ಹೆಣ್ಣುಮಗಳು ಜಗತ್ತಿನ ಎತ್ತರಕ್ಕೆ ಏರಬಲ್ಲಳೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷ್ಯ ಬೇಡ. ಆದರೆ ಆಕೆಗೆ ನೆಲವೂ, ಹೊತ್ತೂ, ಗುರುವೂ ದೊರೆಯಬೇಕು. ಆದುದರಿಂದ ವಾರದಲ್ಲಿ ಇಂತಿಷ್ಟು ಸಾಯಂಕಾಲಗಳು ಹುಡುಗಿಯರಿಗೂ ಮಹಿಳೆಯರಿಗೂ ಮೀಸಲೆಂಬುದು ಕಾಲಪಟ್ಟಿಯಲ್ಲಿಯೇ ಇರಲಿ. ಶೌಚಾಲಯ, ದೀಪ, ಕುಡಿಯುವ ನೀರು ಸಿದ್ಧವಾಗದೆ ಆ ಮೀಸಲಾತಿಗೆ ಅರ್ಥವಿಲ್ಲವೆಂಬುದೂ ನೆನಪಿರಲಿ. ಗ್ರಾಮ ಪಂಚಾಯತಿಯ ಸ್ಥಾನಗಳಲ್ಲಿ ಅರ್ಧವು ಮಹಿಳೆಯರಿಗೆ ಮೀಸಲಾಗಿರುವ ಕರ್ನಾಟಕದಲ್ಲಿ ಇದನ್ನು ಸಾಧಿಸಲು ಬೇಕಾದ ಬಹುಮತವು ಸಭೆಯಲ್ಲಿಯೇ ಕುಳಿತಿದೆ. ವಿಕಲಚೇತನರಿಗೆ ಬಾಗಿಲಿನ ಬಳಿ, ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದದ ಪ್ರಮಾಣದಲ್ಲಿ ಇಳಿಜಾರು ದಾರಿಯನ್ನು ಮಾಡಿಸಬೇಕು. ಊರಿನ ಯಾವ ಕೇರಿಯ ಮಗುವೂ ಮೈದಾನದ ಅಂಚಿನಲ್ಲಿ ನಿಂತು ನೋಡುವಂತಾಗಬಾರದು. ಅಂತಹ ಭೇದವು ಕಂಡಲ್ಲಿ ಸಮಿತಿಯು ಆ ದಿನವೇ ಮಧ್ಯೆ ಪ್ರವೇಶಿಸತಕ್ಕದ್ದು.

ಪಟ್ಟಣಗಳ ವಿಷಯ

ಪಟ್ಟಣಗಳಲ್ಲಿ ಪಂಚಾಯತಿಯ ಸ್ಥಾನವನ್ನು ಪುರಸಭೆ, ನಗರಸಭೆ, ಮಹಾನಗರಪಾಲಿಕೆಗಳು ವಹಿಸುತ್ತವೆ. ಸಂವಿಧಾನದ ಹನ್ನೆರಡನೆಯ ಅನುಸೂಚಿಯು ಉದ್ಯಾನ ಮತ್ತು ಆಟದ ಮೈದಾನಗಳನ್ನು ನಗರಾಡಳಿತದ ವಿಷಯವೆಂದು ಸ್ಪಷ್ಟವಾಗಿಯೇ ಹೆಸರಿಸಿದೆ. ಉದ್ಯಾನ, ಆಟದ ಬಯಲು ಮತ್ತು ತೆರೆದ ಜಾಗಗಳ ರಕ್ಷಣೆಗೆಂದೇ ಕರ್ನಾಟಕದಲ್ಲಿ 1985ರ ಕಾಯಿದೆಯೊಂದಿದೆ. ಬೆಂಗಳೂರಿನ ಸ್ಯಾಂಕಿ ಕೆರೆಯ ಸಮೀಪದ ರಾಜಮಹಲ್ ವಿಲಾಸ ಬಡಾವಣೆಯಲ್ಲಿ ಉದ್ಯಾನಕ್ಕೆ ಬಿಟ್ಟ ಜಾಗವನ್ನು ಖಾಸಗಿ ಆಸ್ಪತ್ರೆಗೆ ಕೊಟ್ಟಾಗ ನಿವಾಸಿಗಳು ನ್ಯಾಯಾಲಯದ ಮೊರೆಹೊಕ್ಕರು. 1991ರಲ್ಲಿ ಸರ್ವೋಚ್ಚ ನ್ಯಾಯಾಲಯವು ಆ ಹಂಚಿಕೆಯು ಸಲ್ಲದೆಂದು ತೀರ್ಪಿತ್ತು, ತೆರೆದ ಜಾಗದ ರಕ್ಷಣೆಗಾಗಿ ದಾವೆ ಹೂಡುವ ಅಧಿಕಾರ ನಿವಾಸಿಗಳಿಗುಂಟೆಂಬುದನ್ನು ಎತ್ತಿಹಿಡಿಯಿತು. ಬಯಲುಗಳು ಇಷ್ಟು ದುರ್ಲಭವಾಗಿರುವ ಪಟ್ಟಣದಲ್ಲಿ ಶಾಲೆ ನಗರಸಭೆಗಳ ಹಂಚಿಕೆಯು ಎರಡು ದಿಕ್ಕಿನಲ್ಲಿಯೂ ನಡೆಯಬೇಕು: ಮೈದಾನವಿಲ್ಲದ ಶಾಲೆಯ ಮಕ್ಕಳಿಗೆ ಹಗಲಿನಲ್ಲಿ ನಗರಸಭೆಯ ಮೈದಾನವೂ ಈಜುಕೊಳವೂ ಗೊತ್ತಾದ ವೇಳೆಗೆ ದೊರೆಯಬೇಕು, ಮೈದಾನವುಳ್ಳ ಶಾಲೆಯು ಸಾಯಂಕಾಲ ಬಡಾವಣೆಯ ಜನರಿಗೆ ಬಾಗಿಲು ತೆರೆಯಬೇಕು. ಅನುದಾನಿತ ಹಾಗೂ ಖಾಸಗಿ ಶಾಲೆಗಳ ಆಡಳಿತ ಮಂಡಳಿಗಳೂ ಇದೇ ಬಗೆಯ ಒಪ್ಪಂದಕ್ಕೆ ಒಪ್ಪಿದರೆ ಅವುಗಳಿಗೆ ಹಾನಿಯಿಲ್ಲ. ನೆರೆಹೊರೆಯವರೇ ಶಾಲೆಯ ಆಸ್ತಿಗೆ ಕಾವಲಾಗುತ್ತಾರೆ.

ಮುಂದಿನ ಗ್ರಾಮಸಭೆಗೆ ಒಂದು ವಿಷಯ

ಇಷ್ಟೆಲ್ಲ ನಿಯಮಗಳನ್ನು ಓದಿದವರಿಗೆ, ಚೆಂಡಾಡಲು ಇಷ್ಟು ಕಾಗದಪತ್ರವೇಕೆ ಎಂಬ ಶಂಕೆ ಉಂಟಾಗಬಹುದು. ವಿಶ್ವಾಸವಿರುವಾಗ ಬರೆದಿಟ್ಟ ನಿಯಮವು ವಿಶ್ವಾಸ ಕೆಡುವ ದಿನದಲ್ಲಿ ಊರನ್ನು ಕಾಯುತ್ತದೆ ಎಂಬುದೇ ಅದಕ್ಕೆ ಉತ್ತರ. ನಿಯಮವಿಲ್ಲದ ಕಡೆ ಒಂದು ಜಗಳವಾದೊಡನೆ ಶಾಲೆಯವರು ಬಾಗಿಲು ಹಾಕುತ್ತಾರೆ, ಊರಿನವರು ಗೋಡೆ ಹಾರುತ್ತಾರೆ, ನಷ್ಟವು ಇಬ್ಬರ ಮಕ್ಕಳಿಗೂ ತಟ್ಟುತ್ತದೆ. ನಿಯಮವಿರುವ ಕಡೆ ಜಗಳವು ಸಮಿತಿಯ ಮುಂದೆ ಬಂದು, ಮೈದಾನವು ತೆರೆದೇ ಇರುತ್ತದೆ.

ಆದುದರಿಂದ ಓದುಗರಲ್ಲಿ ವಿನಂತಿ ಇಷ್ಟೇ. ಮುಂದಿನ ಗ್ರಾಮಸಭೆಯ ವಿಷಯಪಟ್ಟಿಗೆ ಶಾಲೆಯ ಮೈದಾನದ ಸಹಬಳಕೆ ಎಂಬ ಒಂದು ಸಾಲನ್ನು ಸೇರಿಸುವಂತೆ ಪಂಚಾಯತಿಗೆ ಬರೆದುಕೊಡಿರಿ. ಅದಕ್ಕೆ ಮುನ್ನ ಪಹಣಿಯ ಪ್ರತಿಯೊಂದನ್ನು ತೆಗೆಸಿ, ಅಳತೆಯ ಟೇಪು ಹಿಡಿದು ಮೈದಾನದ ಉದ್ದಗಲವನ್ನು ಗುರುತಿಸಿಕೊಳ್ಳಿರಿ. ಶಾಲಾಭಿವೃದ್ಧಿ ಸಮಿತಿಯ ಅಧ್ಯಕ್ಷರನ್ನೂ ಮುಖ್ಯೋಪಾಧ್ಯಾಯರನ್ನೂ ಮೊದಲೇ ಕಂಡು, ಅವರ ಕಷ್ಟಗಳನ್ನು ಕೇಳಿರಿ. ಹಣ ಬರುವವರೆಗೆ ಕಾಯಬೇಕಾಗಿಲ್ಲ. ಸುಣ್ಣದ ಗೆರೆಯೆಳೆದ ಒಂದು ಅಂಕಣ, ಫಲಕದ ಮೇಲೆ ಬರೆದ ಒಂದು ಕಾಲಪಟ್ಟಿ, ಬೀಗದ ಕೈಗೆ ಹೊಣೆಯಾದ ಒಬ್ಬ ವ್ಯಕ್ತಿ, ಇಷ್ಟಿದ್ದರೆ ಮೊದಲ ವರ್ಷವನ್ನು ಆರಂಭಿಸಬಹುದು. ಶಾಲೆಗೆ ತನ್ನ ಮೈದಾನವು ಸ್ವಚ್ಛವಾಗಿ ಉಳಿಯಿತೆಂಬ ಭರವಸೆಯೂ, ಊರಿಗೆ ತನ್ನ ಸಾಯಂಕಾಲವು ತನಗೆ ದೊರೆಯಿತೆಂಬ ಸಮಾಧಾನವೂ ಆ ಒಂದು ವರ್ಷದಲ್ಲಿ ಉಂಟಾದರೆ, ಮಿಕ್ಕ ಕಟ್ಟಡ ದೀಪ ಸಲಕರಣೆಗಳನ್ನು ಕೇಳುವ ಧೈರ್ಯವೂ ಪಡೆಯುವ ಅರ್ಹತೆಯೂ ಆ ಊರಿಗೆ ತಾನಾಗಿ ಬರುತ್ತವೆ.